ಹಾಲು ಇಳಿಯುವ ಹೊತ್ತಿನ ಓದು

ಐವರ್ನಾಡಿನ ಜ್ಞಾನಸುಂದರಿ ನಲವತ್ತೆಂಟು ವರ್ಷ ತುಂಬುವ ತನಕ ಸತ್ಯವೇದವನ್ನು, ಅಂದರೆ ಬೈಬಲನ್ನು, ತಾನಾಗಿ ಬಿಡಿಸಿ ಓದಿದವಳಲ್ಲ. ಭಕ್ತಿ ಇರಲಿಲ್ಲವೆಂದಲ್ಲ. ಭಾನುವಾರದ ಆರಾಧನೆಗೆ ಒಂದು ದಿನವೂ ತಪ್ಪಿಸಿದವಳಲ್ಲ, ಹಾಡು ಹೇಳುವಾಗ ಅವಳ ಸ್ವರ ರಸ್ತೆಯವರೆಗೆ ಕೇಳುತ್ತಿತ್ತು. ಆದರೆ ಓದುವ ಕೆಲಸಕ್ಕೆ ಮನೆಯಲ್ಲಿ ಅಮ್ಮ ಇದ್ದರು. ಅರುಳಮ್ಮ ದಿನಾ ಬೆಳಿಗ್ಗೆ ಎದ್ದು, ಮುಖ ತೊಳೆದು, ತಮ್ಮ ತಮಿಳು ಸತ್ಯವೇದ ತೆರೆದು ಒಂದು ಅಧ್ಯಾಯ ಗಟ್ಟಿಯಾಗಿ ಓದುತ್ತಿದ್ದರು. ಸುಂದರಿ ಅದನ್ನು ಅರ್ಧ ಕಿವಿಯಲ್ಲಿ ಕೇಳುತ್ತ, ತಲೆಗೆ ಬಟ್ಟೆ ಕಟ್ಟಿ, ಹಣೆಗೆ ಟಾರ್ಚ್ ಸಿಕ್ಕಿಸಿಕೊಂಡು ರಬ್ಬರ್ ತೋಟಕ್ಕೆ ಹೊರಟುಬಿಡುತ್ತಿದ್ದಳು.

"ಓದುದು ಅಮ್ಮನ ಡ್ಯೂಟಿ. ಮರ ಕೆತ್ತುದು ನನ್ನ ಡ್ಯೂಟಿ" ಎಂದು ಅವಳು ನಗುತ್ತ ಹೇಳುವುದಿತ್ತು.

ಲಿಪಿಯ ತೊಡಕೂ ಒಂದಿತ್ತು. ಅರುಳಮ್ಮ ಮತ್ತು ಅವರ ಗಂಡ ಐವತ್ತು ವರ್ಷದ ಹಿಂದೆ ಸಿಲೋನಿನ ಚಹಾ ತೋಟದಿಂದ ಹಡಗು ಹತ್ತಿ, ಆಮೇಲೆ ರೈಲು ಹತ್ತಿ, ಸುಳ್ಯದ ಕಡೆಯ ರಬ್ಬರ್ ತೋಟಗಳಿಗೆ ಕೆಲಸಕ್ಕೆ ಬಂದವರು. ಸುಂದರಿ ಹುಟ್ಟಿದ್ದು ಇಲ್ಲೇ. ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಏಳನೇ ಕ್ಲಾಸಿಗೆ ಶಾಲೆಯೂ ಮುಗಿಯಿತು. ಹೀಗೆ ತಮಿಳು ಅವಳ ನಾಲಿಗೆಗೆ ಬರುತ್ತಿತ್ತು, ಕಣ್ಣಿಗೆ ಬರುತ್ತಿರಲಿಲ್ಲ. ಅಮ್ಮನ ಪುಸ್ತಕದ ಅಕ್ಷರಗಳು ಅವಳ ಪಾಲಿಗೆ ಬರೀ ಸುರುಳಿ ಮತ್ತು ಕೊಂಡಿ.

ಸುಂದರಿಯ ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಮಗಳು ಪ್ರೀತಿಕಾ ಮಂಗಳೂರಿನಲ್ಲಿ ನರ್ಸಿಂಗ್ ಕಲಿಯುತ್ತ ಹಾಸ್ಟೆಲಿನಲ್ಲಿದ್ದಳು. ಮನೆಯಲ್ಲಿ ತಾಯಿ ಮಗಳು ಇಬ್ಬರೇ.

ಜೂನ್ ತಿಂಗಳ ಒಂದು ಬೆಳಿಗ್ಗೆ ಅರುಳಮ್ಮನ ಓದು ನಡುವೆ ನಿಂತಿತು. ಸುಂದರಿ ಒಳಗೆ ಬಂದು ನೋಡಿದರೆ, ಅಮ್ಮ ಪುಸ್ತಕವನ್ನು ಒಮ್ಮೆ ಹತ್ತಿರ ತಂದು, ಒಮ್ಮೆ ದೂರ ಹಿಡಿದು ಪರದಾಡುತ್ತಿದ್ದರು.

"ಎಂತಾಯ್ತು ಅಮ್ಮಾ?"

"ಅಕ್ಷರಕ್ಕೆಲ್ಲ ಹೊಗೆ ಹಿಡಿದಿದೆ" ಎಂದರು ಅರುಳಮ್ಮ ತಮಿಳಿನಲ್ಲಿ. ಅವರು ಮನೆಯೊಳಗೆ ಬೇರೆ ಭಾಷೆ ಆಡುತ್ತಿರಲಿಲ್ಲ.

ಪುತ್ತೂರಿನ ಕಣ್ಣಿನ ಡಾಕ್ಟರು ನೋಡಿ, ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡಬಹುದು, ಆದರೆ ಶುಗರ್ ವಿಪರೀತ ಇದೆ, ಅದು ಇಳಿದ ಮೇಲೆ ನೋಡುವ ಎಂದರು. ಅಂದರೆ ಕೆಲವು ತಿಂಗಳು. ಊರಿಗೆ ವಾಪಸು ಬರುವ ಬಸ್ಸಿನಲ್ಲಿ ಅರುಳಮ್ಮ ಮಗಳ ಕಡೆ ತಿರುಗಿದರು. "ಅಲ್ಲಿಯವರೆಗೆ ನೀನು ಓದು."

"ನನಗೆ ತಮಿಳು ಓದ್ಲಿಕ್ಕೆ ಎಲ್ಲಿ ಬರ್ತದೆ?"

"ಕನ್ನಡದ್ದು ಓದು. ದೇವರಿಗೆ ಕನ್ನಡ ಗೊತ್ತಾಗುದಿಲ್ವಾ?"

ಸುಂದರಿಗೆ ಇದಕ್ಕಿಂತ ಸುಲಭದ ದಾರಿ ಹೊಳೆದಿತ್ತು. ವಾರದ ಕೊನೆಗೆ ಮನೆಗೆ ಬಂದ ಪ್ರೀತಿಕಾ ಮೊಬೈಲಿನಲ್ಲಿ ತಮಿಳು ಸತ್ಯವೇದ ಓದಿ ಹೇಳುವ ಆ್ಯಪ್ ಹಾಕಿಕೊಟ್ಟಳು. ಗಂಭೀರ ಸ್ವರದ ಒಬ್ಬ ಗಂಡಸು, ಹಿಂದೆ ಪಿಟೀಲು. ಅರುಳಮ್ಮ ಎರಡು ದಿನ ಕೇಳಿದರು. ಮೂರನೇ ದಿನ ಸಮುದ್ರ ಇಬ್ಭಾಗವಾಗುವ ಹೊತ್ತಿಗೆ ಸರಿಯಾಗಿ ನೆಟ್‌ವರ್ಕ್ ಹೋಯಿತು; ಪರದೆಯಲ್ಲಿ ಚಕ್ರ ತಿರುಗುತ್ತಲೇ ಉಳಿಯಿತು. ಆಮೇಲೆ ಬಂದದ್ದು ಹಾಸಿಗೆಯ ಜಾಹೀರಾತು.

"ಜನ ಎಲ್ಲ ಸಮುದ್ರದ ನಡುವೆ ನಿಂತಿದ್ದಾರೆ, ಇವನು ಹಾಸಿಗೆ ಮಾರ್ತಾನೆ" ಎಂದು ಅರುಳಮ್ಮ ಮೊಬೈಲನ್ನು ದೂರ ಸರಿಸಿದರು. "ನನಗೆ ಮನುಷ್ಯರು ಓದಿದ್ದು ಬೇಕು. ನಿಲ್ಲು ಅಂದಲ್ಲಿ ನಿಲ್ಲಬೇಕು."

ಆ ಭಾನುವಾರ ಸುಂದರಿ ಪಾಸ್ಟರಲ್ಲಿ ಒಂದು ಕನ್ನಡ ಸತ್ಯವೇದ ಕೇಳಿದಳು. ಪಾಸ್ಟರಿಗೆ ಸಂತೋಷ ಹೆಚ್ಚಾಗಿ, ಪುಸ್ತಕದ ಜೊತೆ ಒಂದು ಚಾರ್ಟನ್ನೂ ಕೊಟ್ಟರು. ವರ್ಷದ ಮುನ್ನೂರ ಅರವತ್ತೈದು ದಿನಕ್ಕೆ ಮುನ್ನೂರ ಅರವತ್ತೈದು ಚೌಕ. ಓದಿದ ದಿನ ಒಂದು ಗೀಟು ಹಾಕಬೇಕು.

ಮೊದಲ ವಾರ ರಾತ್ರಿ ಊಟದ ಮೇಲೆ ಓದುವುದೆಂದು ಠರಾವಾಯಿತು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಮುನ್ನೂರು ಮರ ಸುತ್ತುವವಳಿಗೆ ರಾತ್ರಿ ಎಂಟು ಗಂಟೆಯೆಂದರೆ ನಡುರಾತ್ರಿಯೇ. ಕಣ್ಣೆತ್ತಿ ಬೆಟ್ಟಗಳ ಕಡೆ ನೋಡುವ ಒಂದು ಕೀರ್ತನೆ ಸತ್ಯವೇದದಲ್ಲಿ ಉಂಟು. ಚಿಕ್ಕದು, ಎಂಟೇ ವಚನ. ಕಾಯುವವನು ತೂಕಡಿಸುವುದಿಲ್ಲ ಎಂಬ ಮಾತು ಬರುವಲ್ಲಿಗೆ ಓದುವವಳ ಗಲ್ಲ ಎದೆಗೆ ತಾಗಿತು.

"ಅವನು ತೂಕಡಿಸುದಿಲ್ಲ, ಸರಿ. ನೀನು?" ಎಂದರು ಅರುಳಮ್ಮ.

ನಿದ್ದೆಗಿಂತ ದೊಡ್ಡ ಕಷ್ಟ ಒತ್ತಕ್ಷರದ್ದು. ಶಾಲೆ ಬಿಟ್ಟ ಮೇಲೆ ಸುಂದರಿ ಓದಿದ್ದೆಂದರೆ ಬಸ್ಸಿನ ಬೋರ್ಡು, ರೇಷನ್ ಕಾರ್ಡು, ಗೊಬ್ಬರದ ಚೀಲ. ಸತ್ಯವೇದದ ಕನ್ನಡ ಅವಳ ಎದುರು ಕಡಿದಾದ ಗುಡ್ಡದ ಹಾಗೆ ನಿಂತಿತು. ಒಂದು ಉದ್ದದ ಪದಕ್ಕೆ ಮೂರು ಸಲ ಉಸಿರು ತೆಗೆದುಕೊಳ್ಳಬೇಕು. ಅರುಳಮ್ಮನಿಗೋ ಕಥೆ ಮೊದಲೇ ಗೊತ್ತು, ತಮಿಳು ವಾಕ್ಯ ಬಾಯಿಪಾಠ. ಮಗಳು ಪದದ ಅರ್ಧಕ್ಕೆ ಬರುವಾಗ ಅವರು ತಮಿಳಿನಲ್ಲಿ ವಾಕ್ಯವನ್ನೇ ಮುಗಿಸಿಬಿಡುತ್ತಿದ್ದರು.

"ಎಲ್ಲ ಗೊತ್ತಿದ್ರೆ ನಾನ್ಯಾಕೆ ಓದುದು?" ಎಂದು ಸುಂದರಿಗೆ ಒಂದು ದಿನ ಸಿಟ್ಟು ಬಂತು.

"ಊಟ ಮಾಡುದು ಹೇಗೆಂತ ಗೊತ್ತುಂಟು. ಹಾಗಂತ ಊಟ ಬಿಡ್ತೀಯಾ?"

ಜಗಳವೂ ಆಯಿತು, ಅದೂ ಒಂದು ಕುರಿಯ ವಿಷಯಕ್ಕೆ. ನೂರು ಕುರಿಗಳಲ್ಲಿ ಒಂದು ತಪ್ಪಿಸಿಕೊಂಡಾಗ, ಉಳಿದ ತೊಂಬತ್ತೊಂಬತ್ತನ್ನು ಬಿಟ್ಟು ಅದನ್ನು ಹುಡುಕಲು ಹೋದವನ ಕಥೆ. ಸುಂದರಿ ಆ ತೊಂಬತ್ತೊಂಬತ್ತನ್ನು ಅಡವಿಯಲ್ಲಿ ಬಿಟ್ಟ ಎಂದು ಓದಿದಳು. "ಅಡವಿ ಅಲ್ಲ, ಬೆಟ್ಟ" ಎಂದರು ಅರುಳಮ್ಮ. "ಇಲ್ಲಿ ಅಡವಿ ಅಂತಲೇ ಉಂಟು." "ಅರವತ್ತು ವರ್ಷ ಓದಿದವಳು ನಾನು. ಬೆಟ್ಟ." ಅಂದು ಓದು ಅಲ್ಲಿಗೇ ಮುಗಿಯಿತು. ಕುರಿ ಸಿಕ್ಕಿತೋ ಇಲ್ಲವೋ ಎಂದು ಇಬ್ಬರೂ ಕೇಳಲಿಲ್ಲ.

ಜುಲೈ ಅರ್ಧ ಕಳೆಯುವಾಗ ಚಾರ್ಟಿನಲ್ಲಿ ಗೀಟಿಗಿಂತ ಖಾಲಿ ಚೌಕಗಳೇ ಹೆಚ್ಚು. ಒಂದು ಶನಿವಾರ ಸುಂದರಿ ಪೆನ್ನು ತೆಗೆದು ನಾಲ್ಕು ಖಾಲಿ ಚೌಕಕ್ಕೆ ಒಟ್ಟಿಗೆ ಗೀಟು ಎಳೆದಳು. ಅಮ್ಮನಿಗೆ ಕಾಣುವುದಿಲ್ಲವಲ್ಲ. ಮರುದಿನ ಚಾರ್ಟನ್ನು ಮಡಚಿ ಪಾಸ್ಟರ ಕೈಗೆ ವಾಪಸು ಕೊಟ್ಟಳು. "ಇದು ಬೇಡ ಪಾಸ್ಟರೇ. ನಾನು ಇದರಲ್ಲಿ ಸುಳ್ಳು ಬರೀತೇನೆ." ಪಾಸ್ಟರು ನಕ್ಕರು. "ಹಾಗಾದ್ರೆ ಚಾರ್ಟ್ ಬಿಡಿ. ದಿನದಲ್ಲಿ ನಿಮಗೆ ಸುಮ್ಮನೆ ಕೂರುವ ಹೊತ್ತು ಯಾವುದುಂಟು, ಅದನ್ನು ನೋಡಿ."

ಸುಮ್ಮನೆ ಕೂರುವ ಹೊತ್ತೇ? ಸುಂದರಿ ದಾರಿಯುದ್ದಕ್ಕೂ ಯೋಚಿಸಿದಳು. ಮರುದಿನ ತೋಟದಲ್ಲಿ ಉತ್ತರ ಕಣ್ಣೆದುರೇ ಇತ್ತು. ರಬ್ಬರ್ ಮರದ ತೊಗಟೆಯನ್ನು ಓರೆಯಾಗಿ ಕೆತ್ತಿ, ಕೆಳಗೆ ಗೆರಟೆ ಸಿಕ್ಕಿಸಿದರೆ ಹಾಲು ತೊಟ್ಟು ತೊಟ್ಟಾಗಿ ಇಳಿಯುತ್ತದೆ. ಮುನ್ನೂರು ಮರ ಕೆತ್ತಿ ಮುಗಿಸುವಾಗ ಎಂಟು ಗಂಟೆ. ಹಾಲು ಪೂರ್ತಿ ಇಳಿಯಲು ಇನ್ನೂ ಎರಡು ಗಂಟೆ ಬೇಕು. ಇಪ್ಪತ್ತೈದು ವರ್ಷದಿಂದ ಆ ಎರಡು ಗಂಟೆಯಲ್ಲಿ ಅವಳು ಮಾಡುತ್ತಿದ್ದದ್ದು ಬುತ್ತಿ ತಿನ್ನುವುದು ಮತ್ತು ಪಕ್ಕದ ಬ್ಲಾಕಿನ ಶೀಲಾವತಿಯೊಂದಿಗೆ ಊರಿನ ಸುದ್ದಿ ಮಾತಾಡುವುದು.

ಮಾರನೇ ದಿನ ಬುತ್ತಿಯ ಜೊತೆ ಸತ್ಯವೇದವೂ ಪ್ಲಾಸ್ಟಿಕ್ ಚೀಲದಲ್ಲಿ ತೋಟಕ್ಕೆ ಬಂತು. ರಾತ್ರಿಯ ಓದನ್ನು ಮಧ್ಯಾಹ್ನಕ್ಕೆ ಸರಿಸಿಯಾಗಿತ್ತು. ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು, ಅಂದು ಅಮ್ಮನಿಗೆ ಓದಬೇಕಾದ ಅಧ್ಯಾಯವನ್ನು ಬೆರಳಿಟ್ಟು ಅಭ್ಯಾಸ ಮಾಡತೊಡಗಿದಳು.

ಶೀಲಾವತಿ ಐವರ್ನಾಡಿನ ಗೌಡರ ಮನೆಯವಳು. ಎಸ್ಸೆಸ್ಸೆಲ್ಸಿ ಪಾಸು, ಅಕ್ಷರದಲ್ಲಿ ಗಟ್ಟಿ. ಎರಡು ದಿನ ಸುಂದರಿಯ ತಡವರಿಕೆ ಕೇಳಿ ಮೂರನೇ ದಿನ ತಡೆಯಲಾಗಲಿಲ್ಲ.

"ಸುಂದರಕ್ಕ, ಅದು 'ಸಾಮರಾಜ' ಅಲ್ಲ ಮಾರಾಯ್ತಿ, 'ಸಾಮ್ರಾಜ್ಯ'. ಕೆಳಗೆ ಕೊಕ್ಕೆ ಉಂಟಲ್ಲ, ಅದನ್ನು ನುಂಗುದಾ?"

"ನೀನೇ ಹೇಳಿಕೊಡು ಹಾಗಾದ್ರೆ."

ಹೀಗೆ ಶೀಲಾವತಿ ಟೀಚರಾದಳು. ನೆಲದಲ್ಲಿ ಕೋಲಿನಿಂದ ಒತ್ತಕ್ಷರ ಬರೆದು ತೋರಿಸುವಳು. ಕಲಿಸುತ್ತ ಕಲಿಸುತ್ತ ಕಥೆಗೂ ಸಿಕ್ಕಿಬಿದ್ದಳು. ಗಂಡ ಸತ್ತ ಸೊಸೆಯೊಬ್ಬಳು, ತವರಿಗೆ ಹೋಗು ಎಂದರೂ ಹೋಗದೆ ಅತ್ತೆಯ ಹಿಂದೆಯೇ ಪರವೂರಿಗೆ ಹೋಗುವ ಕಥೆ ನಾಲ್ಕು ದಿನ ನಡೆಯಿತು. ಮೂರನೇ ದಿನ ಶೀಲಾವತಿ ಬುತ್ತಿಯನ್ನೇ ಬಿಚ್ಚಲಿಲ್ಲ.

"ಅತ್ತೆಯನ್ನು ಬಿಡ್ಲೇ ಇಲ್ವಾ? ಇಂಥ ಸೊಸೆ ಎಲ್ಲಿ ಸಿಗ್ತಾರೆ! ಆ ಗದ್ದೆಯ ಯಜಮಾನ ಎಂತ ಹೇಳಿದ, ಬೇಗ ಓದು."

"ನಾಳೆಗೆ ಉಂಟು ಅದು."

"ನಾಳೆ ನಾನು ರಜೆ ಮಾರಾಯ್ತಿ, ಮದುವೆ ಉಂಟು. ಇವತ್ತೇ ಓದು."

ಮಧ್ಯಾಹ್ನ ಎರಡು ಗಂಟೆಗೆ, ಸ್ನಾನ ಊಟ ಮುಗಿಸಿ ಸುಂದರಿ ಅಮ್ಮನೆದುರು ಕೂರುವಳು. ಬೆಳಿಗ್ಗೆ ಪಳಗಿದ ಅಧ್ಯಾಯ ಈಗ ನಾಲಿಗೆಯಲ್ಲಿ ಸರಾಗ ಓಡುತ್ತಿತ್ತು. ಅರುಳಮ್ಮ ವಾಕ್ಯ ಮುಗಿಸುವುದನ್ನು ಬಿಟ್ಟರು. ಕಣ್ಣು ಮುಚ್ಚಿ, ಕಾಲು ಚಾಚಿ ಕೇಳುವರು. ಸೆಪ್ಟೆಂಬರಿನ ಒಂದು ಮಧ್ಯಾಹ್ನ ಅವರು ಹೇಳಿದರು: "ಕನ್ನಡದಲ್ಲಿ ಕೇಳಿದ್ರೆ ಹೊಸಬರು ಯಾರೋ ಹೇಳಿದ ಹಾಗೆ ಆಗ್ತದೆ. ನಾನು ಇದನ್ನೆಲ್ಲ ಸರಿಯಾಗಿ ಕೇಳಿಯೇ ಇರ್ಲಿಲ್ಲ ಅಂತ ಕಾಣ್ತದೆ." ಮಗಳಿಗೆ ಅಂದು ಪ್ರೈಜ್ ಸಿಕ್ಕಿದಷ್ಟು ಖುಷಿ.

ಖುಷಿ ಹೆಚ್ಚಾದದ್ದೇ ಎಡವಟ್ಟಿಗೆ ಕಾರಣವಾಯಿತು. ಅಕ್ಟೋಬರಿನಲ್ಲಿ ಅವಳು ಒಂದು ಅಧ್ಯಾಯ ಮುಗಿಸಿ ಎರಡನೆಯದಕ್ಕೆ, ಎರಡು ಮುಗಿಸಿ ಮೂರನೆಯದಕ್ಕೆ ಹೋಗುತ್ತಿದ್ದಳು. ಅಣ್ಣಂದಿರೇ ಸೇರಿ ಮಾರಿಬಿಟ್ಟ ತಮ್ಮ, ಪರದೇಶದಲ್ಲಿ ದೊಡ್ಡ ಅಧಿಕಾರಿಯಾಗಿ ಅದೇ ಅಣ್ಣಂದಿರ ಎದುರು ನಿಲ್ಲುವ ಕಥೆ. ಅವರಿಗೆ ಇವನ ಗುರುತು ಸಿಕ್ಕಿರಲಿಲ್ಲ. ಶೀಲಾವತಿ ಅಂದು ತನ್ನ ಬ್ಲಾಕಿಗೆ ಬೇಗ ಹೋಗಿದ್ದಳು. ಮಳೆಗಾಲ ಮುಗಿಯಿತೆಂದು ಮರಗಳಿಗೆ ಕಟ್ಟಿದ್ದ ಪ್ಲಾಸ್ಟಿಕ್ ಹೊದಿಕೆಯನ್ನು ಬಿಚ್ಚಿಯಾಗಿತ್ತು. ಆಕಾಶ ಕಪ್ಪಾದದ್ದು ಸುಂದರಿಗೆ ತಿಳಿಯಲೇ ಇಲ್ಲ. ಪುಟದ ಮೇಲೆ ದೊಡ್ಡ ಹನಿ ಬಿದ್ದಾಗ ತಲೆಯೆತ್ತಿದಳು. ಅಷ್ಟರಲ್ಲಿ ಮಳೆ ಸುರಿಯಿತು. ಸತ್ಯವೇದವನ್ನು ಚೀಲಕ್ಕೆ ತುರುಕಿ, ಬಕೆಟ್ ಹಿಡಿದು ಮರದಿಂದ ಮರಕ್ಕೆ ಓಡಿದಳು. ಅರವತ್ತು ಮರದ ಹಾಲು ಸಿಕ್ಕಿತು. ಉಳಿದ ಗೆರಟೆಗಳಲ್ಲಿ ಮಳೆನೀರು ತುಂಬಿ, ಹಾಲು ತೊಗಟೆಯ ಮೇಲೆಲ್ಲ ಬಿಳಿ ಗೆರೆಯಾಗಿ ಹರಿಯುತ್ತಿತ್ತು.

ತೋಟದ ಕೆಲಸದ ಮೇಲ್ವಿಚಾರಕ ಕುಕ್ಕಪ್ಪ ಕೊಡೆ ಹಿಡಿದು ಬಂದರು. ಉಳಿದವರೆಲ್ಲ ಮೋಡ ನೋಡಿಯೇ ಹಾಲು ಎತ್ತಿದ್ದರು.

"ಎಂತ ಸುಂದರಿ ಇದು? ಇಪ್ಪತ್ತೈದು ವರ್ಷದಲ್ಲಿ ಒಂದು ದಿನ ಹೀಗೆ ಮಾಡಿದವಳಲ್ಲ ನೀನು."

"ಓದ್ತಾ ಕೂತೆ ಕುಕ್ಕಪ್ಪಣ್ಣ. ತಪ್ಪಾಯ್ತು."

"ದೇವರ ಪುಸ್ತಕ ಓದುದು ಬೇಡ ಅಂತ ನಾನು ಹೇಳುದಿಲ್ಲ. ಆದ್ರೆ ಮಧ್ಯದಲ್ಲೊಮ್ಮೆ ತಲೆ ಎತ್ತಿ ಮೇಲೆ ನೋಡ್ಬೇಕಲ್ಲ? ದೇವರೂ ಅಲ್ಲೇ ಇರುದಲ್ವಾ?"

ಸುಂದರಿಗೆ ನಗು ಬರುವ ಹಾಗಿತ್ತು, ನಾಚಿಕೆಯಿಂದ ಬರಲಿಲ್ಲ. ಮನೆಗೆ ಬಂದು ಅಮ್ಮನಿಗೆ ಹೇಳಿದಳು. ಅರುಳಮ್ಮ ಬೈಯುತ್ತಾರೆ ಎಂದುಕೊಂಡಿದ್ದರೆ ಅವರು ಕೇಳಿದ್ದು ಬೇರೆಯೇ.

"ಎಷ್ಟು ಓದಿದೆ?"

"ಮೂರು ಅಧ್ಯಾಯ."

"ಅದೇ ತಪ್ಪು. ನಾನು ಒಂದು ದಿನವೂ ಒಂದಕ್ಕಿಂತ ಹೆಚ್ಚು ಓದ್ಲಿಲ್ಲ. ಹಸಿವು ಸ್ವಲ್ಪ ಉಳಿಯುವಾಗಲೇ ಏಳ್ಬೇಕು. ಇವತ್ತು ಮೂರು ಓದಿದವಳು ನಾಳೆ ಒಂದನ್ನೂ ಓದುದಿಲ್ಲ. ನಾನು ನೋಡಿದ್ದೇನೆ, ಸಿಲೋನಿನಲ್ಲಿ ನನ್ನ ಅಕ್ಕ ಹಾಗೆಯೇ ಬಿಟ್ಟದ್ದು."

ಅಂದಿನಿಂದ ಒಂದೇ ಅಧ್ಯಾಯ. ತಮ್ಮನ ಗುರುತು ಅಣ್ಣಂದಿರಿಗೆ ಸಿಕ್ಕುವ ತನಕ ಶೀಲಾವತಿ ಮೂರು ದಿನ ಶಾಪ ಹಾಕುತ್ತ ಕಾದಳು.

ಫೆಬ್ರವರಿಯಲ್ಲಿ ರಬ್ಬರ್ ಮರಗಳ ಎಲೆ ಉದುರಿತು. ಹೊಸ ಎಲೆ ಬಂದು ಬಲಿಯುವ ತನಕ ಮರಕ್ಕೆ ವಿಶ್ರಾಂತಿ, ಕೆತ್ತುವ ಹಾಗಿಲ್ಲ. ಸುಂದರಿ ಕಾಡು ಸವರುವ ಕೆಲಸಕ್ಕೆ ಬೇರೆ ತೋಟಕ್ಕೆ ಹೋದಳು. ಅಲ್ಲಿ ಎರಡು ಗಂಟೆಯ ಬಿಡುವೂ ಇಲ್ಲ, ಬಕೆಟೂ ಇಲ್ಲ, ಶೀಲಾವತಿಯೂ ಇಲ್ಲ. ಒಂದು ದಿನ ಓದು ತಪ್ಪಿತು, ಮತ್ತೊಂದು ದಿನ ತಪ್ಪಿತು, ಒಂಬತ್ತು ದಿನವಾಯಿತು. ಅರುಳಮ್ಮನ ಶುಗರ್ ಇಳಿದು ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಆ ಭಯದಲ್ಲಿ ಅವರಿಗೂ ಓದಿನ ನೆನಪಿರಲಿಲ್ಲ.

ಆ ದಿನ ಬೆಳಿಗ್ಗೆ ಬೇಗನೆ ಪುತ್ತೂರಿಗೆ ಬಂದರು. ಆಸ್ಪತ್ರೆಯ ಬೆಂಚಿನಲ್ಲಿ ಕಣ್ಣಿಗೆ ಹನಿ ಹಾಕಿಸಿಕೊಂಡ ಏಳೆಂಟು ವೃದ್ಧರು ಸಾಲಾಗಿ ಕೂತಿದ್ದರು. ಅರುಳಮ್ಮನೂ ಆ ಸಾಲಿನಲ್ಲಿ ಕೂತರು. ಹಡಗಿನಲ್ಲಿ ಸಮುದ್ರ ದಾಟಿ ಬಂದವರು, ಗಂಡನನ್ನೂ ಅಳಿಯನನ್ನೂ ಮಣ್ಣು ಮಾಡಿದವರು, ಈಗ ಮಗಳ ಬೆರಳನ್ನು ಬಿಡುತ್ತಿರಲಿಲ್ಲ.

"ಓದು" ಎಂದರು.

ಸುಂದರಿ ಚೀಲಕ್ಕೆ ಕೈ ಹಾಕಿದಳು. ಆಧಾರ್ ಕಾರ್ಡು ಇತ್ತು, ರಕ್ತ ಪರೀಕ್ಷೆಯ ಚೀಟಿ ಇತ್ತು, ನೀರಿನ ಬಾಟಲಿ ಇತ್ತು. ಪುಸ್ತಕ ಇರಲಿಲ್ಲ. ಒಂಬತ್ತು ದಿನದಿಂದ ಮುಟ್ಟದ ಪುಸ್ತಕ ಚೀಲಕ್ಕೆ ಹೇಗೆ ಬರುತ್ತದೆ?

"ತರ್ಲಿಲ್ಲ ಅಮ್ಮಾ" ಎನ್ನುವಷ್ಟರಲ್ಲಿ ಅವಳ ಬಾಯಿಗೆ ಆ ಚಿಕ್ಕ ಕೀರ್ತನೆಯ ಮೊದಲ ಪದ ಬಂತು, ಹಿಂದೆಯೇ ಎರಡನೆಯದು. ಜೂನಿನಲ್ಲಿ ನಿದ್ದೆಗೆ ಸಿಕ್ಕಿ ಬಿಟ್ಟದ್ದನ್ನು ತೋಟದಲ್ಲಿ ಶೀಲಾವತಿ ಅವಳಿಂದ ಹತ್ತಾರು ಸಲ ಹೇಳಿಸಿದ್ದಳು, ಅದರಲ್ಲಿ ಒತ್ತಕ್ಷರ ಜಾಸ್ತಿ ಎಂದು. ಕಣ್ಣೆತ್ತಿ ಬೆಟ್ಟಗಳನ್ನು ನೋಡುವುದರಿಂದ ಹಿಡಿದು, ಹೋಗುವಾಗಲೂ ಬರುವಾಗಲೂ ಕಾಯುವವನ ತನಕ, ಎಂಟೂ ವಚನ ಒಂದೂ ತಡವರಿಸದೆ ಕನ್ನಡದಲ್ಲಿ ಬಂದವು. ಸುಂದರಿಗೆ ತನ್ನ ಕಿವಿಯ ಮೇಲೇ ನಂಬಿಕೆ ಬರಲಿಲ್ಲ.

ಪಕ್ಕದಲ್ಲಿ ಬಿಳಿ ಟೊಪ್ಪಿ ಹಾಕಿದ ಮುದುಕರೊಬ್ಬರಿದ್ದರು. ಕಬಕದ ಪೋಕರ್ ಎಂದು ನರ್ಸ್ ಕರೆದಾಗ ತಿಳಿಯಿತು. ಅವರೂ ತಮ್ಮಷ್ಟಕ್ಕೆ ಏನೋ ಪಠಿಸುತ್ತಿದ್ದವರು ನಿಲ್ಲಿಸಿ ಕೇಳಿದರು: "ತಂಗೀ, ಅದು ಇನ್ನೊಮ್ಮೆ ಹೇಳ್ತೀರಾ? ನನ್ನ ನಂಬರ್ ಈಗ ಬರ್ತದೆ. ಕೇಳ್ಲಿಕ್ಕೆ ಧೈರ್ಯ ಆಗ್ತದೆ."

ಸುಂದರಿ ಇನ್ನೊಮ್ಮೆ ಹೇಳಿದಳು, ಈ ಸಲ ಸ್ವಲ್ಪ ದೊಡ್ಡ ಸ್ವರದಲ್ಲಿ. ಮುದುಕರು ತಲೆಯಾಡಿಸಿ, "ಒಳ್ಳೇದುಂಟು" ಎಂದು ಎದ್ದು ಒಳಗೆ ಹೋದರು. ಅರುಳಮ್ಮನ ಹಿಡಿತ ಸಡಿಲವಾಗಿತ್ತು.

ಆಪರೇಷನ್ ಚೆನ್ನಾಗಿ ಆಯಿತು. ತಿಂಗಳೊಳಗೆ ಎರಡನೇ ಕಣ್ಣಿನದೂ ಮುಗಿಯಿತು. ಹೊಸ ಕನ್ನಡಕ ಬಂದ ದಿನ ಅರುಳಮ್ಮ ಮೊದಲು ನೋಡಿದ್ದು ಮಗಳ ಮುಖ. "ಇಷ್ಟು ಬಿಳಿ ಕೂದಲು ಯಾವಾಗ ಬಂತು ನಿನಗೆ?" ಎಂದರು. ಎರಡನೆಯದಾಗಿ ತೆರೆದದ್ದು ತಮಿಳು ಸತ್ಯವೇದ. ಬಹಳ ಹೊತ್ತು ಪುಟ ಮಗುಚಿದ ಮೇಲೆ ಒಳಗಿನಿಂದ ಕರೆದರು.

"ಸುಂದರೀ, ಇಲ್ಲಿ ಬಾ. ಆ ಕುರಿಗಳದ್ದು ನೋಡಿದೆ. ಎರಡು ಕಡೆ ಉಂಟು. ಒಂದು ಸುವಾರ್ತೆಯಲ್ಲಿ ಬೆಟ್ಟ, ಇನ್ನೊಂದರಲ್ಲಿ ಅಡವಿ."

"ಹಾಗಾದ್ರೆ ನಾನು ಓದಿದ್ದೂ ಸರಿ."

"ಸರಿ. ಆದ್ರೆ ಬೆಟ್ಟದ್ದು ಪುಸ್ತಕದಲ್ಲಿ ಮೊದಲು ಬರುದು."

ಇನ್ನು ಓದಿ ಹೇಳುವ ಕೆಲಸ ಇರಲಿಲ್ಲ. ಸುಂದರಿ ಕನ್ನಡ ಸತ್ಯವೇದವನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟಳು. ಎರಡು ಮಧ್ಯಾಹ್ನ ಹಾಯಾಗಿ ಮಲಗಿದಳು. ಮೂರನೇ ಮಧ್ಯಾಹ್ನ ನಿದ್ದೆ ಬರಲಿಲ್ಲ. ಒಲೆ ಆರಿಸಿದ್ದೇನೆಯೇ ಎಂದು ಎದ್ದು ನೋಡಿದಳು, ಆರಿತ್ತು. ಬಾಗಿಲು ನೋಡಿದಳು, ಹಾಕಿತ್ತು. ಮತ್ತೆ ಮಲಗಿ ಅತ್ತಿತ್ತ ಹೊರಳಿ, ಕೊನೆಗೆ ಎದ್ದು ಕಪಾಟು ತೆಗೆದಳು. ಬಿಟ್ಟಲ್ಲಿಂದ ಒಂದು ಅಧ್ಯಾಯ ಓದಿದಳು, ಯಾರಿಗೂ ಕೇಳದ ಹಾಗೆ, ತನಗೊಬ್ಬಳಿಗೇ. ಓದಿದ್ದರಲ್ಲಿ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಆದರೂ ಮುಚ್ಚಿಡುವಾಗ ಮನಸ್ಸು ನೆಟ್ಟಗಾಗಿತ್ತು. ಅಮ್ಮನಿಗೋಸ್ಕರ ಎಂದು ಒಂಬತ್ತು ತಿಂಗಳು ಹೇಳಿಕೊಂಡು ಬಂದದ್ದು ತನಗೂ ಬೇಕಾಗಿತ್ತು ಎಂದು ಅವಳಿಗೆ ಆಗ ಗೊತ್ತಾಯಿತು.

ಏಪ್ರಿಲಿನಲ್ಲಿ ಮರಗಳ ಎಲೆ ಬಲಿತು ಕೆಲಸ ಶುರುವಾಯಿತು. ಶೀಲಾವತಿ ಮೊದಲ ದಿನವೇ ಬಕೆಟ್ ತಂದು ಪಕ್ಕದಲ್ಲಿ ಬೋರಲು ಹಾಕಿದಳು. ಈಗ ಅವಳು ತಿದ್ದುವುದು ಕಡಿಮೆ, ಕೇಳುವುದು ಹೆಚ್ಚು.

ಕಳೆದ ತಿಂಗಳು ಪಾಸ್ಟರು ಸಭೆಯ ಹೆಂಗಸರ ಕೂಟದಲ್ಲಿ ಸುಂದರಿಯನ್ನು ಎದುರಿಗೆ ಕರೆದರು. ದಿನಾ ಓದುವ ರೂಢಿ ಹೇಗೆ ಬೆಳೆಸಿಕೊಂಡಿರಿ, ನಾಲ್ಕು ಮಾತು ಹೇಳಿ ಎಂದು ಮೈಕ್ ಕೊಟ್ಟರು. ಸುಂದರಿ ಸೆರಗು ಸರಿಮಾಡಿಕೊಂಡಳು.

"ಎಂತ ಹೇಳುದು? ಒಂದು ಅಧ್ಯಾಯ ಓದಿ. ಒಂದು ದಿನ ತಪ್ಪಿದ್ರೆ ಮರುದಿನ ಎರಡು ಓದ್ಲಿಕ್ಕೆ ಹೋಗ್ಬೇಡಿ, ಒಂದೇ ಓದಿ. ಅಷ್ಟೇ."

ಪಾಸ್ಟರು ಇನ್ನೂ ಏನಾದರೂ ಬರುತ್ತದೆಂದು ಕಾದರು. ಬರಲಿಲ್ಲ, ಅವಳು ಮೈಕ್ ವಾಪಸು ಕೊಟ್ಟು ಹೋಗಿ ಕೂತಿದ್ದಳು. ಕೂಟ ಮುಗಿದು ಹೊರಗೆ ಚಪ್ಪಲಿ ಹಾಕುವಾಗ ಕಂಕುಳಲ್ಲಿ ಮಗು ಎತ್ತಿಕೊಂಡ ಒಬ್ಬಳು ಹುಡುಗಿ ಹತ್ತಿರ ಬಂದು, "ಅಕ್ಕಾ, ನನಗೆ ಬೆಳಿಗ್ಗೆ ಪುರುಸೊತ್ತೇ ಇಲ್ಲ, ಇವನು ಬಿಡುದಿಲ್ಲ, ನಾನು ಎಂತ ಮಾಡುದು?" ಎಂದು ಕೇಳಿದಳು. ಸುಂದರಿ ಮಗುವನ್ನು ತನ್ನ ಕೈಗೆ ತೆಗೆದುಕೊಂಡು, "ಇವನು ಮಲಗುದು ಎಷ್ಟು ಗಂಟೆಗೆ, ಹೇಳು" ಎಂದಳು. ಇಬ್ಬರೂ ಮಾತಾಡುತ್ತ ಬಸ್ ಸ್ಟ್ಯಾಂಡಿನವರೆಗೆ ನಡೆದರು.